ಮಡುವಿನ ತಳ ಮ್ಯಾಲ ಬಂದ ದಿನ

ಮುಟ್ಟಬ್ಯಾಡ್ರಿ ಅಂದಾಕಿ ನಾನ, ಕೂಸುಗಳ್ರಾ, ನಿಮ್ಮ ಮುತ್ಯಾ ಅಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ. ನಾವು ಮೀನ ಹಿಡಿಯೋ ಮಂದಿ, ಭೀಮಾ ಹೊಳಿ ಉದ್ದಕ್ಕೂ ಬಲಿ ಬೀಸ್ತಿದ್ವಿ, ಗಂಗವ್ವನ ಮಡು ಒಂದು ಬಿಟ್ಟು. ಅಲ್ಲಿನ ಮೀನ ದೇವರ ಮೀನ, ಯಾರೂ ಕೈ ಹಚ್ಚಂಗಿಲ್ಲ. ಮಂಗಳವಾರಕ್ಕೊಮ್ಮೆ, ಅಲ್ಲ, ಶುಕ್ರವಾರಕ್ಕೊಮ್ಮೆ ಹೋಗಿ ಪುಠಾಣಿ ಹಾಕಿ ಬರ್ತಿದ್ವಿ. ಇಷ್ಟು ದೊಡ್ಡ ಹೊಳಿಯಾಗ ಅವ್ವಗ ಅಷ್ಟರ ಬಿಡಬೇಕಲ್ಲ.

ಆ ಬ್ಯಾಸಿಗಿಗೆ ಹೊಳಿ ಹರಿಯೋದು ನಿಂತು ಮಡು, ಅಲ್ಲೊಂದು ಇಲ್ಲೊಂದು ಗುಂಡಿ, ಅಷ್ಟ ಉಳಿದಿದ್ವು. ಮಡುವಿಗೆ ಬಂದು ಸೇರೋ ಹಳ್ಳಕ್ಕ ಯಾವುದೋ ಕಾರ್ಖಾನಿ ಹೊಲಸು ನೀರು ಬಿಡಾಕತ್ತಿತ್ತು. ಬಣ್ಣ ಏನಿರಲಿಲ್ಲ, ಒಂಚೂರು ಘಾಟು, ಅಷ್ಟ. ಒಂದಿನ ಮುಂಜಾನಿ ಬಟ್ಟಿ ಒಗಿಯಾಕ ಹೋಗಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ, ಓಡಿ ಬಂದ್ಲು. "ಅಕ್ಕಾ, ಬಾ ಬೇ, ಗಂಗವ್ವ ದರ್ಶನ ಕೊಡಾಕತ್ತಾಳ!" ಹೋಗಿ ನೋಡ್ತೀನಿ, ತಳದ ಕೆಸರಾಗ ಇರೋ ಮೀನ, ಎಂದೂ ಕಣ್ಣಿಗೆ ಬೀಳದವು, ಚೇಳುಮೀನ, ಹಾವುಮೀನ, ಎಲ್ಲಾ ಮ್ಯಾಲ ಬಂದು ಬಾಯಿ ತೆರದು ನಿಂತಾವ. ಏಡಿ ಹಾಡಹಗಲ ಕಲ್ಲು ಹತ್ತಿ ಕುಂತಾವ. ನಮಗ ಏನು ತಿಳೀಬೇಕ್ರಿ? ಊರ ಹೆಣ್ಮಕ್ಕಳೆಲ್ಲಾ ನೆರೆದ್ರು. ಕರ್ಪೂರ ಹಚ್ಚಿ ಆರತಿ ಬೆಳಗಿದ್ವಿ. ನನಗ ಕಣ್ಣಾಗ ನೀರು ಬಂದಿದ್ವು, ಖುಷಿಲೆ.

ನಿಮ್ಮ ಮುತ್ಯಾ ಅಂಗಿ ಬಿಚ್ಚಿ ಮುಳುಗಿದ. ಎದ್ದಾಗ ಮುಷ್ಟಿಯಾಗ ಕರಿ ಕೆಸರು, ಅದರಾಗ ಬಾಯಿಬಿಟ್ಟ ಚಿಪ್ಪು. "ತೆಳಗ ಒಂದು ಜೀವ ಉಳಿದಿಲ್ಲ. ಇವು ಉಸಿರಿಗೆ ಬಂದಾವ. ಕೊಡ ತರ್ರಿ, ಬುಟ್ಟಿ ತರ್ರಿ. ಹಳ್ಳ ಸೇರೋ ಜಾಗದಿಂದ ಮ್ಯಾಲಕ ಒಂದು ಗುಂಡಿಯಾಗ ಚಲೋ ನೀರೈತಿ, ಒಯ್ದು ಬಿಡೂಣು."

ನಾನು ಅಡ್ಡ ನಿಂತೆ. "ದೇವರ ಮೀನಕ್ಕ ಕೈ ಹಚ್ತೀರೇನ್ರಿ? ಮನಿತನ ಉಳೀತದೇನು?"

"ಸಾಯಾಕತ್ತಾವ ಲೇ."

"ಅವ್ವನ ಮೀನ, ಅವ್ವ ನೋಡ್ಕೋತಾಳ."

ನೆಗೆಣ್ಣಿ ಬಾಯಿ ಜೋರು, "ಭಾವಗ ಬಾಯಾಗ ನೀರು ಬಂದಾವ, ನೆವ ಹುಡುಕಾಕತ್ತಾನ!" ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ, ಯಾಕ ಸುಳ್ಳು ಹೇಳ್ಲಿ. ಅವ ಕೈ ತೊಳಕೊಂಡು ದಂಡಿ ಮ್ಯಾಲ ಕುಂತ. ನನ್ನ ಮಾತು ಮೀರಲಿಲ್ಲ, ಪುಣ್ಯಾತ್ಮ.

ಮರುದಿನ ಹೋದ್ರ ಮಡು ತುಂಬ ಬಿಳಿ ಹೊಟ್ಟಿ. ಆಗ ಬುಟ್ಟಿ ಬಂದ್ವು ನೋಡ್ರಿ. ಆಗ ಮುಟ್ಟಿದ್ವಿ, ಎಲ್ಲಾರೂ ಮುಟ್ಟಿದ್ವಿ, ತುಂಬಿ ತುಂಬಿ ತಗ್ಗಿಗೆ ಹಾಕಿ ಮಣ್ಣು ಎಳದ್ವಿ. ಅಳು ಬರಲಿಲ್ಲ ನನಗ. ಏನೂ ಅನಿಸಲಿಲ್ಲ. ಮನಿಗೆ ಬಂದು ರೊಟ್ಟಿ ಬಡದೆ, ಉಂಡ್ವಿ. ಯಾದಗಿರಿಯಿಂದ ಸಾಹೇಬ್ರು ಬಂದ್ರು, ಬಾಟ್ಲ್ಯಾಗ ನೀರು ತುಂಬಿಕೊಂಡು ಹೋದ್ರು. ಮಳಿ ಬಂತು, ಹೊಸ ನೀರು ಬಂತು, ಮ್ಯಾಲ ಆಡೋ ಸಣ್ಣ ಮೀನ ಬಂದ್ವು. ತಳದಾಗಿನವು ಬರಲಿಲ್ಲ. ವರ್ಷಕ್ಕೊಮ್ಮಿ ಮುತ್ಯಾ ಮುಳುಗಿ ಕೈಯಾಡಿಸಿ ಬರ್ತಾನ, ತಲಿ ಅಲ್ಲಾಡಿಸ್ತಾನ, ನಾನು ಕೇಳಂಗಿಲ್ಲ. ಇಷ್ಟು ವರ್ಷಾದ್ರೂ ಒಮ್ಮಿನೂ ನನಗ "ನಿನ್ನಿಂದ" ಅಂದಿಲ್ಲ.

ಅವ್ವನ ಮ್ಯಾಲ ನನಗ ಸಿಟ್ಟಿಲ್ಲ. ಆಕಿ ಮುಟ್ಟಬ್ಯಾಡ ಅಂದಿರಲಿಲ್ಲ, ಅಂದಾಕಿ ನಾನ. ಜೀವ ಇರೋದು ಬಾಯಿ ತೆರದು ಎದುರಿಗೆ ಬಂದ್ರ ಮೊದಲ ಎತ್ತಿಕೊಳ್ರಿ, ಕೂಸುಗಳ್ರಾ. ಕೈ ಆಮ್ಯಾಲ ಮುಗೀರಿ. ಅವ್ವ ಕಾಯ್ತಾಳ.