ನಾಲ್ಕು ನಾಲ್ಕು ಜನ ಎಳೆದ ಬಲೆ

ಕಡ್ಲೆ ನೆನೆಹಾಕ್ತಾ ಇದ್ದೆ, ಆಗಲೇ ನಿಮ್ಮಮ್ಮನ ಫೋನು ಬಂದದ್ದು. ಅಲ್ಲ, ಕಡ್ಲೆ ಬೆಳಿಗ್ಗೆಯೇ ಹಾಕಿ ಆಗಿತ್ತು, ಇದು ಹೆಸರುಕಾಳು. ಮಾರನೇ ದಿನ ನಿಮ್ಮ ಅಜ್ಜಯ್ಯನ ಬೊಜ್ಜ, ಹದಿಮೂರನೇ ದಿನದ ಊಟ. ನೆಂಟರೆಲ್ಲ ಬರ್ತಾರೆ ಅಂತ ದೊಡ್ಡ ಪಾತ್ರೆ ತೊಳೆದು ಅಂಗಳದಲ್ಲಿ ಕವುಚಿ ಹಾಕಿದ್ದೆ. ಬಿಸಿಲು ಚೆನ್ನಾಗಿತ್ತು, ಕಡಲು ಸುಮ್ಮನಿತ್ತು, ಎಲ್ಲ ದಿನದ ಹಾಗೇ ಒಂದು ದಿನ. ನಿಮ್ಮಮ್ಮ ಸಾಲಿಗ್ರಾಮದಿಂದ, "ಅಮ್ಮಾ, ಬಸ್ಸೆಲ್ಲ ನಿಂತಿತ್. ಪೇಟಿಯಲ್ಲಿ ಗಲಾಟಿ ಅಂಬ್ರ, ಅಂಗಡಿಗೆಲ್ಲ ಕಲ್ಲ್ ಹೊಡ್ದ್ರಂಬ್ರ. ನಾವ್ ಹ್ಯಾಂಗ್ ಬಪ್ಪುದ್?" ಅಂತ ಅಳುವ ಹಾಗೆ ಕೇಳಿದಳು. ನಾನು, "ಬಪ್ಪುದ್ ಬ್ಯಾಡ, ಮಕ್ಳನ್ನ ಕಟ್ಕಂಡ್ ದಾರಿ ಮೇಲ್ ಸಿಕ್ಕಿಬಿದ್ರೆ ಕಷ್ಟ" ಅಂದೆ. ಹೇಳಿದ್ದು ಸರಿಯೇ. ಫೋನು ಇಟ್ಟ ಮೇಲೆ ಮಾತ್ರ, ಅಷ್ಟು ಹೆಸರುಕಾಳನ್ನು ಏನು ಮಾಡುವುದು ಅಂತ ಪಾತ್ರೆ ನೋಡ್ತಾ ಕೂತುಬಿಟ್ಟೆ.

ಯಾವುದೋ ಬಾವುಟ ಕಟ್ಟುವ ವಿಷಯಕ್ಕೆ ಶುರುವಾದ ಜಗಳವಂತೆ. ನಮ್ಮ ಕೇರಿಯಲ್ಲಿ ಯಾರೂ ಯಾರಿಗೂ ಒಂದು ಮಾತು ಅನ್ನಲಿಲ್ಲ, ಅದನ್ನು ನಾನು ಸರಿಯಾಗಿ ಹೇಳಬೇಕು. ಆದರೆ ಬಾಗಿಲು ಮುಚ್ಚಿತು. ರಸ್ತೆಯ ಈಚೆ ನಾವು ಬಲೆಯವರು, ಆಚೆ ಮೈಮೂನನವರ ಸಾಲು, ಮೀನಿನ ಐಸು ಸಾಗಿಸುವ ಟೆಂಪೊದವರು, ಬ್ಯಾರಿ ಮುಸಲ್ಮಾನರು. ಮೈಮೂನ ನನ್ನ ಹತ್ತಿರ ನಾಲ್ಕನೇ ಕ್ಲಾಸು ಕಲಿತವಳು, ಈಗ ಅವಳ ಮಗಳಿಗೇ ಮದುವೆಯಾಗಿದೆ, ಆದರೂ ನನ್ನನ್ನು ಟೀಚರ್ ಅಂತಲೇ ಕರೆಯುವುದು. ಅಜ್ಜಯ್ಯ ತೀರಿಹೋದ ದಿನ ಬಂದವರಿಗೆಲ್ಲ ಚಾ ಮಾಡಿಕೊಟ್ಟವಳು ಅವಳು. ಬೊಜ್ಜದ ದಿನ ಅವಳ ಮನೆ ಕಿಟಕಿ ಕೂಡ ಮುಚ್ಚಿತ್ತು. ಈಚೆ ಸಾಲಿನವರು ಬಂದರು, ಉಂಡರು, ಗಟ್ಟಿಯಾಗಿ ಮಾತಾಡದೆ ಎದ್ದು ಹೋದರು.

ಅದು ಹೇಗೋ ಆಯಿತು. ಕಷ್ಟ ಅದರ ಮಾರನೇ ದಿನದ್ದು. ನಿಮಗೆ ಗೊತ್ತುಂಟಲ್ಲ, ನಮ್ಮ ಮನೆಯಲ್ಲಿ ಬೊಜ್ಜದ ಮಾರನೇ ದಿನ ಮೀನು ಬೇಯಬೇಕು. ಹೋದವರಿಗೆ ಒಂದು ಎಲೆ ಹಾಕಿ, ಅನ್ನ ಮೀನುಸಾರು ಬಡಿಸಿ, ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂರಬೇಕು. ಅಲ್ಲಿಯವರೆಗೆ ಅವರು ಹಸಿದುಕೊಂಡು ಕಾಯ್ತಾರೆ ಅಂತ. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು, ಇದನ್ನೆಲ್ಲ ನಂಬ್ತೀರಾ ಅಮ್ಮಮ್ಮ ಅಂತ ಕೇಳಬೇಡಿ. ಬದುಕಿದ್ದಷ್ಟು ದಿನ ಮೀನಿಲ್ಲದೆ ಊಟಕ್ಕೆ ಕೂತವರಲ್ಲ ಅವರು. ಮಾಡಲೇಬೇಕಿತ್ತು, ಅಷ್ಟೆ. ಆದರೆ ಮೀನೆಲ್ಲಿ? ಬಂದರು ಬಂದ್, ಮಾರ್ಕೆಟು ಬಂದ್, ಬುಟ್ಟಿ ಹೊತ್ತು ಬರುವ ಹೆಂಗಸರೂ ಇಲ್ಲ. ಕಡಲ ಬದಿಯಲ್ಲೇ ಮನೆ, ಒಂದು ಬಂಗುಡೆಗೆ ಗತಿಯಿಲ್ಲ.

ಬೆಳಿಗ್ಗೆ ಅಜ್ಜಯ್ಯನ ತಮ್ಮ, ನಿಮ್ಮ ಶೀನಜ್ಜ, ಬಂದು ಮೆಟ್ಟಿಲಲ್ಲಿ ಕೂತ. "ಅತ್ಗಿ, ಬಂಗ್ಡಿ ಹಿಂಡ್ ದಡಕ್ಕೇ ಬಂದಿತ್. ಕೈರಂಪಣಿ ಬಿಡ್ವ" ಅಂದ. ಕೈರಂಪಣಿ ನೀವು ನೋಡಿದ್ದೀರಿ, ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುವುದು, ಆಮೇಲೆ ಎರಡು ತುದಿಯ ಹಗ್ಗವನ್ನು ಮರಳಲ್ಲಿ ನಿಂತು ಎಳೆಯುವುದು. ತುಂಬ ಕೈ ಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ಅವರು ಯಾರು ಎಂತ ಅಂತ ಕೇಳುವ ಕ್ರಮ ಇಲ್ಲ.

ದೋಣಿ ಹೋಗಿ ಬಲೆ ಬಿಟ್ಟು ಬಂತು. ನಾವೆಲ್ಲ ಕಡಲಿಗೆ ಇಳಿದರೆ ಅಲ್ಲೊಬ್ಬ ಪೊಲೀಸು. ಬಂದೋಬಸ್ತಿಗೆ ಅಂತ ಬಯಲುಸೀಮೆಯಿಂದ ಬಂದ ಹುಡುಗ, ಪಾಪ. "ಎಲ್ಲಾರೂ ಎಲ್ಲಿಗ್ ಹೊಂಟೀರಿ? ಆರ್ಡರ್ ಐತ್ರಿ. ನಾಕ್ ಮಂದಿಗಿಂತ ಹೆಚ್ಚ ಕೂಡಂಗಿಲ್ಲ." ಶೀನ ತಲೆಗೆ ಕಟ್ಟಿದ ಬೈರಾಸು ಬಿಚ್ಚಿ, "ನಾಕ್ ಜನ ಹೆಣ ಹೊರುಕ್ ಸಾಕ್ ಸಾರ್, ಬಲಿ ಎಳುಕ್ ಸಾಕಾತಿಲ್ಲೆ" ಅಂದುಬಿಟ್ಟ. ಅಂದವನೇ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ನನಗೆ ನಗು ಬಂತು ಮಕ್ಳೇ. ನಿಮ್ಮಜ್ಜಯ್ಯ ಹೋದ ಮೇಲೆ ಮೊದಲ ಸಲ.

ಆಮೇಲೆ ನಾನೇ ಆ ಪೊಲೀಸಿನ ಹತ್ತಿರ, "ನಾಲ್ಕು ಜನ ನಿಂತು, ಜಾಗ ಬಿಟ್ಟು, ಮತ್ತೆ ನಾಲ್ಕು ಜನ ನಿಂತರೆ ಅದು ಗುಂಪಾಗ್ತದಾ?" ಅಂತ ಕೇಳಿದೆ. ಅವನು ಯೋಚನೆ ಮಾಡಿದ. ಹಗ್ಗ ಉದ್ದ ಉಂಟಲ್ಲ. "ಹಂಗಾದ್ರ ಆಗಂಗಿಲ್ಲ ಬಿಡ್ರಿ" ಅಂದು, ತಾನೇ ನಡೆದುಕೊಂಡು ಹೋಗಿ ಲಾಠಿಯಿಂದ ಮರಳಲ್ಲಿ ಗೆರೆ ಎಳೆದ. ಶಾಲೆಯಲ್ಲಿ ಡ್ರಿಲ್ಲಿಗೆ ನಿಲ್ಲಿಸಿದ ಹಾಗೆ ಎಲ್ಲರನ್ನೂ ನಿಲ್ಲಿಸಿದೆ. ನಿಂತ ಮೇಲೆ ಗೊತ್ತಾಯಿತು, ಇದ್ದ ಜನ ದಕ್ಷಿಣದ ಹಗ್ಗಕ್ಕೇ ಮುಗಿಯಿತು. ಬಡಗಿನ ಹಗ್ಗಕ್ಕೆ ಶೀನ, ಅವನ ಹೆಂಡತಿ, ಮತ್ತೊಬ್ಬರು ಯಾರೋ. ಎರಡೂ ಕಡೆ ಸಮ ಎಳೆಯದಿದ್ದರೆ ಬಲೆ ವಾಲ್ತದೆ, ಮೀನು ಆ ಸಂದಿಯಲ್ಲಿ ಹೋಗ್ತದೆ. ಬಲೆ ವಾಲುವುದು ನನ್ನ ಕಣ್ಣಿಗೇ ಕಾಣ್ತಿತ್ತು. ಮನೆಯಲ್ಲಿ ಎಲೆ ಒರೆಸಿಟ್ಟು ಬಂದಿದ್ದೆ. ಇವತ್ತು ಅವರಿಗೆ ಬರೀ ಅನ್ನವೇ ಅಂದುಕೊಂಡೆ.

ಆಗ ಹಿಂದಿನಿಂದ, "ಟೀಚರ್, ನಾವೂ ನಾಕೇ ಜನ" ಅಂತ ಕೇಳಿತು. ಮೈಮೂನ. ಅವಳ ಗಂಡ, ಮೈದುನ, ಅಳಿಯ. ಕಿಟಕಿ ಸಂದಿಯಿಂದ ನೋಡ್ತಾ ಇದ್ದಳಂತೆ. ಶೀನ ಹಗ್ಗ ಬಿಡದೆಯೇ, "ಈಗಳಾ ಬಪ್ಪುದ್? ಅರ್ಧ ಮೀನ್ ಕಾರವಾರ ಮುಟ್ತ್" ಅಂದ. ಅವಳ ಗಂಡ, "ನೀವ್ ಕರಿಲಿಲ್ಲೆ, ನಾವ್ ಬರ್ಲಿಲ್ಲೆ" ಅಂದ. "ಬಲಿ ಎಳುಕ್ ಕರುಕೆ ಇದೆಂತ ಮದಿ ಊಟವಾ ಮಾರಾಯಾ? ಹಗ್ಗ ಹಿಡ್ಕಣಿ" ಅಂದ ಶೀನ. ಮೈಮೂನ ಮಾತ್ರ ನನ್ನ ಹತ್ತಿರ ಬಂದು, ಮೆಲ್ಲಗೆ, "ಇವತ್ತ್ ಎಲಿಗ್ ಮೀನ್ ಬೇಕಲ್ದಾ ಟೀಚರ್, ನಂಗ್ ನೆನಪಿತ್ತ್" ಅಂದಳು. ಅವರ ಹಿಂದೆ ಆಚೆ ಸಾಲಿನಿಂದ ಮತ್ತೆ ನಾಲ್ಕು ಜನ ಬಂದರು, ಮತ್ತೆ ನಾಲ್ಕು ಜನ.

ಈಗ ಒಂದು ವಿಷಯ ನೋಡಿ, ಬಲೆ ಹತ್ತಿರ ಬಂದ ಹಾಗೆ ನೀರಲ್ಲಿರುವ ಹಗ್ಗ ಗಿಡ್ಡ ಆಗ್ತದೆ, ಎರಡು ತುದಿಯವರೂ ಒಂದೇ ಕಡೆಗೆ ಸರಿಯಲೇಬೇಕು. ನಾಲ್ಕು ಹೋಗಿ ಎಂಟಾಯಿತು, ಎಂಟು ಹೋಗಿ ಲೆಕ್ಕ ತಪ್ಪಿತು. ಗೆರೆಯನ್ನು ತೆರೆ ಬಂದು ನೆಕ್ಕಿಕೊಂಡು ಹೋಯಿತು. ಪೊಲೀಸು, "ಟೀಚರ್, ಗೆರಿ ಎಲ್ಲಿ ಹೋತ್ರಿ?" ಅಂತ ಹಿಂದೆ ಮುಂದೆ ಓಡಿದ. ಮೈಮೂನ ಏದುಸಿರು ಬಿಡ್ತಾ, "ಕಡ್ಲಿಗ್ ಆರ್ಡರ್ ಗೊತ್ತಿಲ್ಲೆ ಸಾರ್, ಅದ್ಕ್ ಹೇಳಿ" ಅಂದಳು. ಅವನು ಒಂದು ಗಳಿಗೆ ರಸ್ತೆ ಕಡೆ ನೋಡಿದ, ಜೀಪು ಬರ್ತದಾ ಅಂತ. ಆಮೇಲೆ ಲಾಠಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಗ್ಗಕ್ಕೆ ಕೈ ಹಾಕಿದ.

ಮೀನು ಬಿತ್ತು. ತುಂಬ ಅಂತ ಹೇಳುವುದಿಲ್ಲ, ಅರ್ಧ ಹೋಗಿಯೇ ಇತ್ತು, ಆದರೆ ಎಲ್ಲ ಮನೆಯ ಒಲೆಗೆ ಸಾಕಾಗುವಷ್ಟು. ಶೀನ ಮರಳಲ್ಲಿ ಪಾಲು ಹಾಕಿದ, ಪೊಲೀಸಿಗೂ ಒಂದು. "ನಂಗ ಮಾಡಾಕ ಬರಂಗಿಲ್ರಿ" ಅಂದ ಅವನು. ಮೈಮೂನ ಅವನನ್ನು ನಿಲ್ಲಿಸಿಕೊಂಡು ಮಸಾಲೆ ಅರೆಯುವುದರಿಂದ ಶುರುಮಾಡಿ ಪಾಠ ಮಾಡಿದಳು.

ಪೇಟೆಯಲ್ಲಿ ಅಂಗಡಿ ತೆರೆಯೋದಕ್ಕೆ ಆಮೇಲೂ ಕೆಲವು ದಿನ ಹಿಡಿಯಿತು. ನಮ್ಮ ಕೇರಿಯ ಬಾಗಿಲು ಅವತ್ತೇ ತೆರೆದುಕೊಂಡಿತು, ಮೀನು ತೊಳೆಯುವ ನೀರು ಚೆಲ್ಲೋದಕ್ಕಾದರೂ ತೆರೆಯಬೇಕಲ್ಲ. ಊರಲ್ಲಿ ಏನೇ ಆಗಲಿ ಮಕ್ಳೇ, ಬಲೆ ನೀರಲ್ಲಿದ್ದಾಗ ಒಳಗೆ ಕೂರಬಾರದು.

ಆ ದಿನ ಅಜ್ಜಯ್ಯನ ಎಲೆಗೆ ಎರಡು ಬಂಗುಡೆ ಬಡಿಸಿದೆ. ದೊಡ್ಡದು ಮೈಮೂನನ ಪಾಲಿನದ್ದು.