ಖಣದ ಗಂಟು ಕಾದ ಬಂಟ್ಯಾ

ಊರು ಯಾವುದಾದರೂ ಇರಲಿ, ಅಲ್ಲೊಬ್ಬ ಸಾಹುಕಾರ. ಹೆಸರು ಸಂಗನಬಸಪ್ಪ ಎಂದಿಟ್ಟುಕೊಳ್ಳೋಣ. ಪೇಟೆಯ ನಡುವೆ ಮೂರಂತಸ್ತಿನ ಬಟ್ಟೆ ಅಂಗಡಿ. ಬಾಗಿಲಿಗೆ ಗಾಜು, ಒಳಗೆ ಕಾಲಿಟ್ಟರೆ ತಂಪು ಗಾಳಿ. ಮದುವೆಯ ಜವಳಿ ಎಂದರೆ ಸುತ್ತಲಿನ ಹಳ್ಳಿಯವರೆಲ್ಲ ಅಲ್ಲಿಗೇ ಬರಬೇಕು.

ಈತ ಹುಟ್ಟುತ್ತಲೇ ಸಾಹುಕಾರನಾಗಿದ್ದನೇ? ಇಲ್ಲ ನೋಡಿ. ಹದಿನೈದು ವರ್ಷದ ಹಿಂದೆ ಸೈಕಲ್ಲಿನ ಹಿಂದೆ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದವನು. ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು. ಬಾಡಿಗೆಯ ಒಂದು ಕೋಣೆ, ಅದರಲ್ಲಿ ಅವನು, ಹೆಂಡತಿ ನಿಂಬೆವ್ವ, ಮತ್ತೊಂದು ಜೀವ. ಆ ಮತ್ತೊಂದು ಜೀವದ ಸಲುವಾಗಿಯೇ ಇವತ್ತು ಈ ಸಭೆಯಲ್ಲಿ ಈ ಮಾತು ತೆಗೆದಿದ್ದೇನೆ.

ಅದೊಂದು ನಾಯಿ. ಕಂದು ಮೈ, ಒಂದು ಕಿವಿ ನಿಂತಿದ್ದರೆ ಒಂದು ಜೋತು ಬಿದ್ದಿತ್ತು. ಯಾವುದೋ ಸಂತೆಯಲ್ಲಿ ಮಿರ್ಚಿ ಭಜಿಯ ತುಣುಕು ಎಸೆದದ್ದೇ ನೆಪ, ಏಳು ಮೈಲಿ ಸೈಕಲ್ಲಿನ ಹಿಂದೆ ಓಡಿ ಬಂತು. ಮನೆಯ ಮುಂದೆ ನಾಲಿಗೆ ಚಾಚಿ ಕುಳಿತದ್ದನ್ನು ನೋಡಿ ನಿಂಬೆವ್ವ ಬೈದಳು. "ನಮಗಿಬ್ಬರಿಗೇ ರೊಟ್ಟಿ ಸಾಲಂಗಿಲ್ಲ, ಇದನ್ಯಾಕ ಕರಕೊಂಡ ಬಂದ್ರಿ?" ಬೈಯುತ್ತಲೇ ಒಳಗೆ ಹೋಗಿ ಗಡಿಗೆಯ ತಳದ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ತಂದು ಇಟ್ಟಳು. ತಾಯಂದಿರ ಬೈಗುಳ ಅಂದರೆ ಹಾಗೇ ಅಲ್ಲವೇ? ಬಾಯಿ ಬೇಡ ಅನ್ನುತ್ತಿರುತ್ತದೆ, ಕೈ ಬಡಿಸುತ್ತಿರುತ್ತದೆ. ಬಂಟ್ಯಾ ಅಂತ ಹೆಸರಿಟ್ಟರು.

ಆ ದಿನಗಳು ಹೇಗಿದ್ದವು ಗೊತ್ತೇ? ಹೊತ್ತು ಮೂಡುವ ಮೊದಲು ಸಂಗನಬಸಪ್ಪ ಸೈಕಲ್ಲು ಹೊರಗೆ ತೆಗೆದರೆ ಬಂಟ್ಯಾ ಅದಾಗಲೇ ದಾರಿಯಲ್ಲಿ. ಓಡುವುದು, ನಿಲ್ಲುವುದು, ಹಿಂದಿರುಗಿ ನೋಡುವುದು, ಮತ್ತೆ ಓಡುವುದು. ನಡುದಾರಿಯ ಕಾಲುವೆ ಬಂದರೆ ಇಬ್ಬರೂ ಇಳಿದು ನೀರು ಕುಡಿಯುವರು. ಅಲ್ಲೇ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರೆ ರೊಟ್ಟಿ ಅವನಿಗೆ, ಅಂಚು ಇದಕ್ಕೆ. ಸಂತೆಯಲ್ಲಿ ಅವನು ಚಹಾ ಕುಡಿಯಲು ಎದ್ದು ಹೋದರೆ ಖಣದ ಗಂಟಿನ ಮುಂದೆ ಇದು ಕೂಡುವುದು. ಹೆಣ್ಣುಮಕ್ಕಳು ಖಣ ಮುಟ್ಟಿ ನೋಡಿದರೆ ಸುಮ್ಮನಿರುವುದು, ಎತ್ತಿಕೊಂಡರೆ ಮಾತ್ರ ಗುರ್ ಅನ್ನುವುದು. "ಏ ಸಂಗಪ್ಪಾ, ನಿಂದ ಬಾಳ ಖಡಕ್ ಗುಮಾಸ್ತ ಐತಪಾ!" ಎಂದು ಪಕ್ಕದ ಬಳೆಗಾರ ನಗುತ್ತಿದ್ದ.

ಮನೆಯಲ್ಲೋ? ಗಂಡ ಹೆಂಡತಿ ಜಗಳವಾಡಿದರೆ ನೇರ ಮಾತಿಲ್ಲ, ಎಲ್ಲ ಬಂಟ್ಯಾನ ಮೂಲಕ. "ಬಂಟ್ಯಾ, ನಿಮ್ಮ ಮಾಲಕಗ ಹೇಳು, ಪಲ್ಯಾ ಆರಾಕತ್ತೈತಿ." "ಬಂಟ್ಯಾ, ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ." ಪಾಪ, ಆ ನಾಯಿ ಇವಳ ಮುಖ ನೋಡುವುದು, ಅವನ ಮುಖ ನೋಡುವುದು. ಎಷ್ಟು ಹೊತ್ತು ಹಾಗೆ ನಡೆದೀತು? ಇಬ್ಬರಲ್ಲಿ ಒಬ್ಬರು ನಕ್ಕುಬಿಡುತ್ತಿದ್ದರು. ನಕ್ಕ ಮೇಲೆ ಜಗಳ ಉಳಿಯುತ್ತದೆಯೇ?

ವ್ಯಾಪಾರ ಕೈಹಿಡಿಯಿತು. ಸಣ್ಣ ಅಂಗಡಿ ದೊಡ್ಡದಾಯಿತು, ದೊಡ್ಡದು ಮೂರಂತಸ್ತಾಯಿತು. ಹೊಸ ಮನೆ, ಮುಖ ಕಾಣುವಂಥ ನೆಲ. ಗೃಹಪ್ರವೇಶದ ದಿನ ಬಂದ ದೊಡ್ಡವರಲ್ಲಿ ಯಾರೋ ಮೂಗು ಮುರಿದು, "ಇಂಥಾ ಮನ್ಯಾಗ ಬೀದಿ ನಾಯೇನ್ರೀ?" ಎಂದರು. ಒಂದೇ ಮಾತು. ಮರುದಿನ ಬಂಟ್ಯಾ ಊರ ಹೊರಗಿನ ಗೋದಾಮಿಗೆ ಹೋಯಿತು. ಅಲ್ಲಿ ಕಾವಲುಗಾರ ಮೌಲಾಸಾಬ ಇದ್ದ. "ಅಲ್ಲೆ ಬಯಲೈತಿ, ಆರಾಮ ಇರತೈತಿ" ಎಂದು ಸಾಹುಕಾರ ಹೆಂಡತಿಗೆ ಹೇಳಿದ. ತನಗೂ ಹೇಳಿಕೊಂಡ.

ನಾಲ್ಕು ವರ್ಷ ಕಳೆದವು. ಸಾಹುಕಾರ ಗೋದಾಮಿಗೆ ಹೋಗುತ್ತಿದ್ದ. ಕಾರು ಮುಂಬಾಗಿಲಲ್ಲಿ ನಿಲ್ಲುತ್ತಿತ್ತು, ಕೆಲಸ ಮುಗಿಸಿ ಹಾಗೇ ಹೊರಡುತ್ತಿತ್ತು. ನಾಯಿಯನ್ನು ಹಿತ್ತಲಲ್ಲಿ ಕಟ್ಟಿರುತ್ತಿದ್ದರು. ಎಷ್ಟು ದೂರ? ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಗೆ ಅವನಿಗೆ ಪುರುಸೊತ್ತು ಸಿಗಲಿಲ್ಲ.

ಒಂದು ದಿನ ಬೆಳಿಗ್ಗೆ ಮೌಲಾಸಾಬ ಅಂಗಡಿಗೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು ಗಾಜಿನ ಬಾಗಿಲ ಹೊರಗೇ ನಿಂತಿದ್ದ.

"ಸಾವಕಾರ್ರ, ಬಂಟ್ಯಾ ಮೂರ ದಿನದಿಂದ ಏನೂ ಮುಟ್ಟವಲ್ದ್ರಿ."

"ಡಾಕ್ಟರಗ ತೋರಿಸಬೇಕಿಲ್ಲೋ?"

"ತೋರಿಸೇನ್ರಿ. ಜಡ್ಡು ಏನಿಲ್ಲಂತ್ರಿ, ವಯಸ್ಸಾಗೈತಂತ. ಒಮ್ಮಿ ನೀವು ಬಂದ್ ಹೋದ್ರ..."

"ನಾಳೆ ಬರ್ತೀನಿ ಹೋಗು."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಾಹುಕಾರ ಈ ಮಾತನ್ನು ಹೆಂಡತಿಗೆ ಹೇಳಿದ. ಹಪ್ಪಳ ಸುಡುತ್ತಿದ್ದ ನಿಂಬೆವ್ವ ಒಲೆ ಆರಿಸಿದಳು. ಬಟ್ಟಲಿಗೆ ಹಾಲು ಹಾಕಿದಳು, ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು.

"ಎಲ್ಲಿಗಿ?"

"ನೀವು ನಾಳೆ ಬರ್ರಿ. ನಾ ಈಗ ಹೊಂಟೆ."

ಹನ್ನೊಂದು ವರ್ಷ ಕಷ್ಟದಲ್ಲಿ, ನಾಲ್ಕು ವರ್ಷ ಸುಖದಲ್ಲಿ ಜೊತೆಗಿದ್ದವಳು ಎಂದೂ ಆ ದನಿಯಲ್ಲಿ ಮಾತಾಡಿದವಳಲ್ಲ. ಸಾಹುಕಾರ ತುತ್ತು ಅಲ್ಲೇ ಬಿಟ್ಟು ಕೈ ತೊಳೆದುಕೊಂಡು ಅವಳ ಹಿಂದೆಯೇ ಹೋಗಿ ಕಾರು ತೆಗೆದ.

ಗೋದಾಮಿನ ಹಿತ್ತಲಲ್ಲಿ, ಹರಿದ ಗೋಣಿತಾಟಿನ ಮೇಲೆ ಬಂಟ್ಯಾ ಮಲಗಿತ್ತು. ಮುಖವೆಲ್ಲ ಬೆಳ್ಳಗಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಕಾರಿನ ಸದ್ದಿಗೆ ತಲೆ ಎತ್ತಲಿಲ್ಲ. ಸಾಹುಕಾರ ಆ ನಲವತ್ತು ಹೆಜ್ಜೆ ನಡೆದ. ಹತ್ತಿರ ಬಂದಂತೆ ಮೂಗು ಅಲುಗಿತು. ಆಮೇಲೆ ಬಾಲ ನೆಲಕ್ಕೆ ಬಡಿಯಿತು. ಒಂದು ಸಲ, ಎರಡು ಸಲ, ಧೂಳು ಏಳುವ ಹಾಗೆ. ಏಳಲು ನೋಡಿತು, ಹಿಂಗಾಲು ಏಳಲಿಲ್ಲ. ಮುಂಗಾಲಿನಿಂದ ಮೈ ಎಳೆದುಕೊಂಡು ಬಂದು ಅವನ ಪಾದದ ಮೇಲೆ ಗದ್ದ ಇಟ್ಟಿತು.

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ನಾಲ್ಕು ವರ್ಷ! ಆ ನಾಯಿ ಕೇಳಿತೇ, ಇಷ್ಟು ದಿನ ಎಲ್ಲಿದ್ದೆ ಎಂದು? ಮುಖ ತಿರುಗಿಸಿತೇ? ನಾನಾಗಿದ್ದರೆ ತಿರುಗಿಸುತ್ತಿದ್ದೆ. ನೀವಾಗಿದ್ದರೂ ತಿರುಗಿಸುತ್ತಿದ್ದಿರಿ. ತಮ್ಮನ ಮದುವೆಗೆ ಕರೆಯೋಲೆ ಎರಡು ದಿನ ತಡವಾಗಿ ಬಂತೆಂದು ಹತ್ತು ವರ್ಷ ಮಾತು ಬಿಟ್ಟವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಸಾಹುಕಾರ ಇಸ್ತ್ರಿ ಮಾಡಿದ ಬಿಳಿ ಧೋತರದಲ್ಲೇ ಆ ಮಣ್ಣಿನಲ್ಲಿ ಕುಳಿತ. ಜೋತು ಬಿದ್ದ ಕಿವಿ ಸವರಿದ. "ತಪ್ಪಾತೋ, ನಂದ ತಪ್ಪಾತು" ಎಂದ. ಅಷ್ಟೇ. ನಿಂಬೆವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ಬಾಯಿಗೆ ಹಿಡಿದಳು. ಮೂರು ದಿನ ಏನೂ ಮುಟ್ಟದ ನಾಯಿ ನಾಲ್ಕು ತುತ್ತು ತಿಂದಿತು.

ಸಾಹುಕಾರ ಬಂಟ್ಯಾನನ್ನು ಎತ್ತಿಕೊಂಡೇ ಮನೆಗೆ ತಂದ. ನುಣ್ಣನೆಯ ನೆಲದ ಮೇಲೆ ಅದರ ಕಾಲು ಜಾರಿದವು. ನಿಂಬೆವ್ವ ಅಟ್ಟದ ಮೇಲಿನ ಹಳೆಯ ಕೌದಿಗಳನ್ನೆಲ್ಲ ಇಳಿಸಿ ಪಡಸಾಲೆಯಿಂದ ಅಡುಗೆಮನೆಯವರೆಗೆ ಹಾಸಿದಳು. ಮುಖ ಕಾಣುವ ನೆಲ ಮರೆಯಾಯಿತು. ಆದರೆ ಮನೆ ಮತ್ತೆ ಮನೆಯಾಯಿತು. ಗಂಡ ಸಂಜೆ ಬೇಗ ಬರತೊಡಗಿದ. ಇಬ್ಬರೂ ಬಂಟ್ಯಾನ ಅತ್ತ ಇತ್ತ ಕುಳಿತು, ನಿಂಬೆವ್ವನೂ ಜೊತೆಗೆ ಬಂದಿದ್ದ ಅದ್ಯಾವುದೋ ಸಂತೆಯಲ್ಲಿ ಮಳೆ ಬಂದು ಖಣವೆಲ್ಲ ತೊಯ್ದದ್ದು, ಗಂಟು ಕಟ್ಟುವ ಬಟ್ಟೆಯ ಕೆಳಗೆ ಮೂವರೂ ಮುದುಡಿ ಕುಳಿತದ್ದು, ಎಲ್ಲ ನೆನೆದು ನಗುತ್ತಿದ್ದರು. ಶ್ರಾವಣದಲ್ಲಿ ಬಂದ ನಾಯಿ ದೀಪಾವಳಿಯವರೆಗೆ ಬಾಳಿತು. ಒಂದು ಬೆಳಿಗ್ಗೆ ನಿಂಬೆವ್ವ ರೊಟ್ಟಿ ಬಡಿಯುತ್ತಿದ್ದಾಗ, ಅವಳ ಸೆರಗಿನ ಪಕ್ಕದಲ್ಲಿ ಮಲಗಿದಂತೆಯೇ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಸಾಹುಕಾರ ಮೌಲಾಸಾಬನನ್ನು ಕರೆದು ಕೇಳಿದ. "ನಾಲ್ಕು ವರ್ಷ ನನ್ನ ನಾಯಿಗಿ ನಿನ್ನ ಬುತ್ಯಾಗಿಂದು ಹಾಕಿ ಸಾಕಿದಿ. ನಿನ್ನ ಮನಿ ಎಲ್ಲೈತಿ ಅನ್ನೋದೂ ನನಗ ಗೊತ್ತಿಲ್ಲಲ್ಲೋ."

"ಬಡವರ ಮನಿ ಸಾವಕಾರ್ರ, ನೀವೆಲ್ಲಿ ಬರ್ತೀರಿ?"

"ಬರ್ತೀನಿ. ನಡಿ, ಈಗ ಹೋಗೂಣು."

ಗಂಡ ಹೆಂಡತಿ ಇಬ್ಬರೂ ಅವನ ಹಿಂದೆ ನಡೆದುಕೊಂಡೇ ಹೋದರು. ಅವನ ಮನೆಯ ಚಾಪೆಯ ಮೇಲೆ ಕುಳಿತು ಚಹಾ ಕುಡಿದು, ಮಕ್ಕಳ ಹೆಸರು ಕೇಳಿಕೊಂಡು ಬಂದರು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಕತೆ ಕೇಳಿ ಕಣ್ಣೊರೆಸಿಕೊಂಡಿರಿ, ಸಂತೋಷ. ಆದರೆ ಮಕ್ಕಳು ಹಟ ಮಾಡಿದರೆಂದು ಮರಿ ತಂದು, ಬೆಳೆದ ಮೇಲೆ ಮಾಳಿಗೆಯಲ್ಲಿ ಕಟ್ಟಿಹಾಕಿದವರು ಎಷ್ಟು ಜನ ಇದ್ದೀರಿ? ಇವತ್ತೇ ಬಿಚ್ಚಿ. ದಿನಕ್ಕೆ ಅರ್ಧ ತಾಸು ಅದರ ಪಕ್ಕ ಸುಮ್ಮನೆ ಕುಳಿತುಕೊಳ್ಳಿ. ಉಪಕಾರ ಅದಕ್ಕಲ್ಲ, ನಿಮಗೆ. ನಾಯಿ ಇಲ್ಲದವರು ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ನಿಮ್ಮ ಮನೆಗೆ ದುಡಿದು ದಣಿದು ಬರುವವರು ಇದ್ದಾರಲ್ಲ? ಮಗಳು ಬಂದಾಗ, ಗಂಡ ಬಂದಾಗ, ಸೊಸೆ ಬಂದಾಗ ನೀವು ತಲೆ ಎತ್ತುತ್ತೀರಾ? ಮೊಬೈಲು ನೋಡುತ್ತಲೇ "ಬಂದ್ಯಾ" ಅನ್ನುತ್ತೀರಿ. ಆ ಮೊಬೈಲು ಕೆಳಗಿಡಿ. ಎದ್ದು ಬಾಗಿಲವರೆಗೆ ಹೋಗಿ. ಕೈಯಲ್ಲಿರುವ ಚೀಲ ಇಸಿದುಕೊಳ್ಳಿ, ಒಂದು ತಂಬಿಗೆ ನೀರು ಕೊಡಿ. ಯಾಕೆ ತಡ ಅಂತ ಮೊದಲೇ ಕೇಳಬೇಡಿ. ಮುಖ ನೋಡಿ, ನಗಿ. ಜಪ ತಪ ಆಮೇಲೆ ಮಾಡುವಿರಂತೆ. ನೀವು ಬಂದದ್ದು ನನಗೆ ಸಂತೋಷವಾಯಿತು ಎಂದು ಮನೆಯವರಿಗೆ ತಿಳಿಯುವಂತೆ ಬದುಕುವುದನ್ನು ಇವತ್ತಿನಿಂದಲೇ ಶುರು ಮಾಡಿ.