ಬ್ರೇಕ್ ಲೈಟಿನ ಪರೀಕ್ಷೆ

ವಾಮಂಜೂರಿನ ಬಸ್ಸಿನಲ್ಲಿ ಹೇಮಾಕ್ಷಿಯ ಮುಂದಿನ ಸೀಟಿಗೆ ನಿವೃತ್ತ ಫಿಸಿಕ್ಸ್ ಮಾಸ್ಟ್ರು ಆರ್ಥರ್ ಮತ್ತು ಅವರ ಹಳೆಯ ಶಿಷ್ಯ ದಿವಾಕರ ಬಂದು ಕುಳಿತರು. ಹೇಮಾಕ್ಷಿ ಮೊಬೈಲನ್ನು ಬ್ಯಾಗಿಗೆ ಸೇರಿಸಿ ಕಿವಿ ಅತ್ತ ಕೊಟ್ಟಳು.

"ಕಾರಿಗೆ ಎಂತ ಆಯ್ತು ಸರ್?"

"ಬ್ರೇಕ್ ಲೈಟ್ ಉರಿಯುವುದಿಲ್ಲ ಅಂತ ಬಲ್ಬು, ಫ್ಯೂಸು ಎಲ್ಲ ಬದಲಿಸಿದೆ. ಹಿಂದಿನ ವಯರನ್ನೂ ಬಿಚ್ಚಿದೆ. ಈಗ ರಿವರ್ಸ್ ಸೆನ್ಸರೂ ಕೂಗುವುದಿಲ್ಲ. ಕಾರು ಗ್ಯಾರೇಜಿನಲ್ಲಿ ಉಂಟು."

"ಫಾಲ್ಟ್ ಎಲ್ಲಿತ್ತು?"

"ಇರಲೇ ಇಲ್ಲ ಮಾರಾಯ. ನಾನು ಬ್ರೇಕ್ ಒತ್ತುವುದು, ಮತ್ತೆ ಇಳಿದು ಹಿಂದೆ ಓಡಿ ನೋಡುವುದು."

"ಕಾಲು ತೆಗೆದ್ರೆ ಲೈಟ್ ಆರ್ತದಲ್ಲ ಸರ್!"

"ನನ್ನ ಹೆಂಡತಿ ವಿನಿಫ್ರೆಡ್ ಮನೆ ಎದುರಿನ ಸಿಟೌಟಿನಲ್ಲಿ ಕೂತು ಅದನ್ನೇ ಹೇಳಿದ್ದು. ಮೂವತ್ತು ವರ್ಷ ಸರ್ಕ್ಯೂಟ್ ಕಲಿಸಿದವನಿಗೆ ನೀನು ಹೇಳುವುದಾ ಅಂತ ರೇಗಿಬಿಟ್ಟೆ. ನಾಲ್ಕು ದಿನದಿಂದ ಮಾತಿಲ್ಲ."

"ಇನ್ನೆಂತ ಮಾಡ್ತೀರಿ?"

"ಇವತ್ತು ಅವಳ ಹತ್ರ ಒಪ್ಪಿಕೊಳ್ತೇನೆ. ಈಗ ನಿನ್ನ ಹತ್ರ ಪ್ರಾಕ್ಟೀಸ್ ಮಾಡಿದ್ದು. ಹೇಗಾಯ್ತು?"

"ಎಲ್ಲ ಸರಿ ಉಂಟು ಸರ್. 'ತಪ್ಪಾಯ್ತು' ಅಂತ ಮಾತ್ರ ಎಲ್ಲಿಯೂ ಬರಲಿಲ್ಲ."

ಸ್ಟಾಪು ಬಂತು, ಇಬ್ಬರೂ ಇಳಿದರು. ಹೇಮಾಕ್ಷಿ ಕಿಟಕಿಯಿಂದ ಇಣುಕಿದಳು. ಮಾಸ್ಟ್ರು ಪರೀಕ್ಷೆಗೆ ಹೊರಟ ಹುಡುಗನ ಹಾಗೆ ತುಟಿ ಆಡಿಸುತ್ತ ಮನೆಯ ಕಡೆ ನಡೆಯುತ್ತಿದ್ದರು.